ಗ್ರಾನೈಟ್ ಚೂರುಗಳಲ್ಲಿ ಭೂಮಿಯ ಆಳ: ಕೈಯಲ್ಲೇ ಉಜ್ಜಿ ಮಾಡಿದ ಥಿನ್ ಸೆಕ್ಷನ್‌ಗಳು

ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದರೆ ಅದೇ ಥಿನ್ ಸೆಕ್ಷನ್, ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಲೈಡ್. ಅಂಥ ನನ್ನ ಸ್ಲೈಡ್ ಸೆಟ್ ಕೊನೆಗೂ ಮುಗಿಯಿತು. ಬಳ್ಳಾರಿ ಕಡೆಯಿಂದ ಬಿಳಿಗಿರಿರಂಗನ ಬೆಟ್ಟದವರೆಗಿನ ಕಲ್ಲುಗಳು, ಎಲ್ಲವೂ 0.03 ಮಿಲಿಮೀಟರ್ ದಪ್ಪ. ಕಲ್ಲು ಉಜ್ಜುವ ಲ್ಯಾಪಿಂಗ್ ಮಷೀನ್ ಇಲ್ಲ, ಅಂಟಿನ ಗುಳ್ಳೆ ಎಳೆಯುವ ವ್ಯಾಕ್ಯೂಮ್ ಪಂಪ್ ಇಲ್ಲ. "ಕೈಯಲ್ಲಿ ಉಜ್ಜಿದರೆ ಬೆರಳು ಸವೆಯುತ್ತೆ, ಕಲ್ಲಲ್ಲ" ಅಂದಿದ್ದ ಜಿಯಾಲಜಿ ಮೇಷ್ಟ್ರು ಈಗ ತಮ್ಮ ಕಾಲೇಜಿಗೂ ಒಂದು ಸೆಟ್ ಕೇಳುತ್ತಿದ್ದಾರೆ. ಹಾಗಾಗಿ ಸ್ವಲ್ಪ ಧೈರ್ಯವಾಗಿ ಬರೆಯುತ್ತಿದ್ದೇನೆ.

ಉದ್ದೇಶ ಸುಲಭದ್ದು. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಅಂತ ಮೊಟ್ಟೆ ಸೀಳಿದ ಹಾಗಿನ ಚಿತ್ರ ತೋರಿಸಿ ತೋರಿಸಿ ನನಗೇ ಬೇಜಾರಾಗಿತ್ತು. ಆ ಪದರಗಳ ಕಲ್ಲನ್ನೇ ಮಕ್ಕಳ ಕಣ್ಣಿಗೆ ಹಿಡಿಯಬೇಕು ಅನಿಸಿತು. ಕೋಲಾರದ ಗಣಿ ಇಳಿದದ್ದು ಸುಮಾರು 3.2 ಕಿಲೋಮೀಟರ್. ರಷ್ಯಾದ ಕೋಲಾದಲ್ಲಿ ಕೊರೆದ ರಂಧ್ರ 12 ಕಿಲೋಮೀಟರಿಗೆ ನಿಂತಿತು. ನಮ್ಮ ಕಾಲ ಕೆಳಗೆ ಭೂಕವಚವೇ 35ರಿಂದ 50 ಕಿಲೋಮೀಟರ್ ದಪ್ಪ ಇದೆ. ಅಗೆದು ತಲುಪುವ ಮಾತೇ ಇಲ್ಲ. ಆದರೆ ಕರ್ನಾಟಕದವರಿಗೆ ಅಗೆಯುವ ಕಷ್ಟವೇ ಬೇಡ. ನಮ್ಮ ಹಳೆಯ ಭೂಕವಚ ಓರೆಯಾಗಿ ಎದ್ದು, ದಕ್ಷಿಣದ ಕಡೆ ಜಾಸ್ತಿ ಸವೆದಿದೆ. ಸಂಡೂರು, ಚಿತ್ರದುರ್ಗದಲ್ಲಿ ಮೇಲಿನ ಭಾಗ. ಕಬ್ಬಾಳದುರ್ಗ, ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ ಒಂದು ಕಾಲಕ್ಕೆ 20-25 ಕಿಲೋಮೀಟರ್ ಆಳದಲ್ಲಿ ಬೆಂದ ಕಲ್ಲು. ಬಸ್ಸಲ್ಲಿ ಕೂತು ದಕ್ಷಿಣಕ್ಕೆ ಹೊರಟರೆ ಭೂಮಿಯೊಳಕ್ಕೆ ಇಳಿದಂತೆಯೇ.

ಮೊದಲು ದುಡ್ಡಿನ ಲೆಕ್ಕ. ನಾಲ್ಕು ಇಂಚಿನ ಗ್ರೈಂಡರ್ ಮನೆಯಲ್ಲಿತ್ತು. ನೀರು ಹಾಕಿ ಕೊಯ್ಯುವ ಟೈಲ್ಸ್ ಕಟರ್ ಹಳೆಯದು ಸಿಕ್ಕಿತು, ಸುಮಾರು ಮೂರೂವರೆ ಸಾವಿರ. ಡೈಮಂಡ್ ಬ್ಲೇಡ್ ಮುನ್ನೂರು ಚಿಲ್ಲರೆ. ಮೂರು ಬ್ಲೇಡ್ ಹಾಳಾದವು ಅನ್ನಿ. ಕಲ್ಲು ಸವೆಸುವ ಕಾರ್ಬೊರಂಡಂ ಪುಡಿ 220, 400, 600, 1000 ನಂಬರಿನದು (ನಂಬರ್ ಏರಿದಷ್ಟೂ ಪುಡಿ ನುಣುಪು), ಒಟ್ಟು ಸಾವಿರದ ಒಳಗೆ. ಉಜ್ಜಲು 12 ಎಂ.ಎಂ. ಗಾಜಿನ ತುಂಡುಗಳು, ಗ್ಲಾಸ್ ಅಂಗಡಿಯ ವೇಸ್ಟಿನಲ್ಲಿ ಬಿಟ್ಟಿ. ಮೈಕ್ರೋಸ್ಕೋಪ್ ಸಾಧಾರಣ ಕಾಲೇಜು ಮಾದರಿ, ಸೆಕೆಂಡ್ ಹ್ಯಾಂಡ್, ಆರೇಳು ಸಾವಿರ. ಖನಿಜಗಳ ಬಣ್ಣ ಎದ್ದು ಕಾಣಿಸುವ ಪೋಲರಾಯಿಡ್ ಹಾಳೆ ಒಡೆದ ಎಲ್‌ಸಿಡಿ ಸ್ಕ್ರೀನಿನಿಂದ ಕಿತ್ತದ್ದು. ಹೊರಗೆ ಕೊಟ್ಟು ಮಾಡಿಸಿದರೆ ಒಂದೊಂದು ಸ್ಲೈಡಿಗೆ ಐನೂರರಿಂದ ಸಾವಿರದವರೆಗೆ ಕೇಳುತ್ತಿದ್ದರು. ನನಗೆ ಈಗ ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ ಬೀಳುತ್ತದೆ. ಕೂಲಿ ಲೆಕ್ಕ ಹಾಕಬೇಡಿ, ಹಾಕಿದರೆ ಯಾರೂ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಕಲ್ಲುಗಳಿಗೆ ಖರ್ಚಿಲ್ಲ. ಜಿಗಣಿಯ ಗ್ರಾನೈಟ್ ಯಾರ್ಡುಗಳಲ್ಲಿ ಇಲಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕನಕಪುರದ ಮಿಶ್ರಬಣ್ಣದ ಕಲ್ಲು ಎಲ್ಲವೂ ಚೂರಾಗಿ ಬಿದ್ದಿರುತ್ತವೆ. "ಇಷ್ಟೇ ಸಾಕಾ ಸಾರ್? ಕೌಂಟರ್‌ಟಾಪ್‌ಗೆ ಆಗಲ್ವಲ್ಲ" ಅಂತ ಅಲ್ಲಿನ ಹುಡುಗ ಗೋಣಿಚೀಲವೇ ತುಂಬಿಕೊಟ್ಟ. ಚಿತ್ರದುರ್ಗದ ಹಸಿರು ಕಲ್ಲು (ಮಾರ್ಪಟ್ಟ ಹಳೆಯ ಲಾವಾ) ಹೊಲದ ಬಾವಿ ತೋಡಿದ ಗುಡ್ಡೆಯದು. ಲಾಲ್‌ಬಾಗ್ ಬಂಡೆಗೂ ಮರಡಿಹಳ್ಳಿಯ ದಿಂಬು ಲಾವಾಕ್ಕೂ (ನೀರಿನಡಿ ದಿಂಬಿನ ಹಾಗೆ ಉಬ್ಬಿ ಗಟ್ಟಿಯಾದ ಲಾವಾ) ಸುತ್ತಿಗೆ ಮುಟ್ಟಿಸಬೇಡಿ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಲಾಲ್‌ಬಾಗಿನದೇ ಜಾತಿಯ ಗ್ನೈಸ್ (ಬಿಸಿ, ಒತ್ತಡಕ್ಕೆ ಪಟ್ಟೆ ಪಟ್ಟೆಯಾದ ಕಲ್ಲು) ಬೆಂಗಳೂರಲ್ಲಿ ಯಾವ ಪಾಯ ತೋಡಿದರೂ ಸಿಗುತ್ತದೆ.

ಈಗ ಕೆಟ್ಟ ಕಥೆಗಳು. ನನ್ನನ್ನು ಜಾಸ್ತಿ ಗೋಳಾಡಿಸಿದ್ದು ಅಂಟು. ಬೇಗ ಗಟ್ಟಿಯಾಗುವ ಎಪಾಕ್ಸಿ ಬೇಡವೇ ಬೇಡ. 600 ನಂಬರಿನ ಪುಡಿಗೆ ಬರುವವರೆಗೆ ಚೆನ್ನಾಗಿರುತ್ತದೆ, ಆಮೇಲೆ ಉಜ್ಜುವ ಬಿಸಿಗೆ ಮೆತ್ತಗಾಗಿ ಕಲ್ಲು ಒಂದು ಮೂಲೆಯಿಂದ ಏಳುತ್ತದೆ. ಎರಡು ಗಂಟೆಯ ಕೆಲಸ ನೀರಿನ ಜೊತೆ ಹೋಯಿತು. ನಿಧಾನ ಗಟ್ಟಿಯಾಗುವ, ತೆಳ್ಳಗೆ ಹರಿಯುವ ಎಪಾಕ್ಸಿಯೇ ಆಗಬೇಕು. ಅದೂ ಮಳೆಗಾಲದಲ್ಲಿ ಕೈಕೊಟ್ಟಿತು. ಜುಲೈನಲ್ಲಿ ಅಂಟಿಸಿದ್ದೆಲ್ಲ ಮೇಲೆ ಜಿಡ್ಡು ಜಿಡ್ಡು. ಕಲ್ಲನ್ನೂ ಸ್ಲೈಡನ್ನೂ ಬಲ್ಬಿನ ಕೆಳಗೆ ಬೆಚ್ಚಗೆ ಒಣಗಿಸಿ ಅಂಟಿಸಲು ಶುರುಮಾಡಿದ ಮೇಲೆ ಸರಿಯಾಯಿತು. ಗುಳ್ಳೆ ಏಳದಂತೆ ಮಾಡಲು ಬೇರೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದು ಬೇಸಿಗೆ ಪೂರ್ತಿ ಹೋಗಿದೆ.

ಎರಡನೆಯದು ಅಂಚು ಸವೆಯುವುದು. ಬೆರಳಲ್ಲಿ ಒತ್ತಿ ಉಜ್ಜಿದರೆ ಅಂಚು ಬೇಗ ಸವೆದು ಮಧ್ಯ ಉಬ್ಬುತ್ತದೆ. ನಡುವೆ ಕ್ವಾರ್ಟ್ಜ್ (ಬೆಣಚು) ಪೋಲರಾಯಿಡ್‌ಗಳ ನಡುವೆ ಇನ್ನೂ ಹಳದಿ ತೋರುತ್ತಿರುತ್ತದೆ, ಅಂದರೆ ದಪ್ಪ ಜಾಸ್ತಿ, ಸರಿಯಾದ ದಪ್ಪಕ್ಕೆ ಬೂದು-ಬಿಳಿ ಆಗಬೇಕು; ಅಂಚಿನಲ್ಲಿ ಕಲ್ಲೇ ಇರುವುದಿಲ್ಲ. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಹಿಡಿ ಮಾಡಿಸಿದೆ, ಸ್ಲೈಡ್ ಕೂರಲು ಒಂದು ತಗ್ಗು ಇರುವ ಹಾಗೆ. "ಇದು ವಾಚ್ ರಿಪೇರಿ ಕೆಲಸ ಸಾರ್, ಲೇತಿನದಲ್ಲ" ಅಂತ ಗೊಣಗುತ್ತಲೇ ಎಂಟುನೂರು ತಗೊಂಡರು. ಹಿಡಿಯ ನಾಲ್ಕು ಮೂಲೆಗೆ ಸವೆಯದ ಗುಂಡಿ ಕೂರಿಸಿದ್ದೇನೆ. ದಪ್ಪ ಅಲ್ಲಿಗೆ ಬಂದು ನಿಲ್ಲುತ್ತದೆ. ಗುಂಡಿ ಯಾವುದರದು ಅಂತ ಕೇಳಬೇಡಿ. ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ ಅಂತಷ್ಟೇ ಹೇಳಬಲ್ಲೆ.

ಪುಡಿಯ ವಿಷಯ ನಿಮಗೆ ಗೊತ್ತೇ ಇದೆ. 220ರ ಒಂದು ಒರಟು ಕಾಳು 1000ದ ಗಾಜಿಗೆ ಬಂದರೆ ಮುಗೀತು, ಗೀರು ಬೀಳುತ್ತದೆ. ಪ್ರತಿ ನಂಬರಿಗೂ ಬೇರೆ ಗಾಜು, ಬೇರೆ ಬಕೆಟ್, ಬೇರೆ ಬ್ರಷ್.

ಇನ್ನು ಕಲ್ಲುಗಳು. ಚಿತ್ರದುರ್ಗದ ಹಸಿರು ಕಲ್ಲು ಬಹಳ ಸತಾಯಿಸಿತು. ಪದರ ಪದರವಾಗಿ ಏಳುತ್ತದೆ. ತೆಳ್ಳನೆ ಎಪಾಕ್ಸಿಯಲ್ಲಿ ಮೊದಲೇ ನೆನೆಸಿ, ಗಟ್ಟಿಯಾದ ಮೇಲೆ ಕೊಯ್ದರೆ ಮಾತ್ರ ಮಾತು ಕೇಳುತ್ತದೆ. ಸ್ಲೈಡಿನಲ್ಲಿ ತುಂಬ ಕ್ಲೋರೈಟ್ ಅನ್ನುವ ಹಸಿರು ಖನಿಜ, ಎರಡು ಪೋಲರಾಯಿಡ್ ಅಡ್ಡ ಹಾಕಿದರೆ ಆ ವಿಚಿತ್ರ ನೀಲಿ. ಕ್ಲೋರೈಟಿನ ತೂಕದಲ್ಲಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಹರಳಿನೊಳಗೇ ಕಟ್ಟಿಕೊಂಡ ನೀರು. ದಕ್ಷಿಣಕ್ಕೆ ಬಂದ ಹಾಗೆ ಅಂಥದ್ದೇ ಲಾವಾ ಕಲ್ಲಿನಲ್ಲಿ ಹಾರ್ನ್‌ಬ್ಲೆಂಡ್ ಬರುತ್ತದೆ, ಅದರಲ್ಲಿ ನೀರು ಬರೀ ಶೇಕಡಾ 2ರ ಸುತ್ತ. ಇನ್ನೂ ಆಳದ ಕಲ್ಲಿನಲ್ಲಿ ಪೈರಾಕ್ಸೀನ್ ಅನ್ನುವ ಖನಿಜ, ಅದರಲ್ಲಿ ನೀರೇ ಇಲ್ಲ. ಆಳಕ್ಕೆ ಹೋದ ಹಾಗೆ ಬಿಸಿಗೆ ಕಲ್ಲು ನೀರು ಬಿಡುತ್ತದೆ ಅನ್ನುವುದನ್ನು ಮೂರು ಸ್ಲೈಡ್ ಪಕ್ಕಪಕ್ಕ ಇಟ್ಟು ತೋರಿಸಬಹುದು. ಬೋರ್ಡಿನ ಮೇಲೆ ಸಮೀಕರಣ ಬರೆದರೆ ಮಕ್ಕಳು ಆಕಳಿಸುತ್ತಾರೆ. ಇದಕ್ಕೆ ಯಾರೂ ಆಕಳಿಸಲಿಲ್ಲ.

ಬೆಂಗಳೂರಿನ ಗ್ನೈಸ್ ಸುಲಭ. ಕ್ವಾರ್ಟ್ಜ್, ಪ್ಲೇಜಿಯೋಕ್ಲೇಸ್ (ಒಂದು ಬಗೆಯ ಫೆಲ್ಡ್‌ಸ್ಪಾರ್), ಸ್ವಲ್ಪ ಬಯೋಟೈಟ್ (ಕಡು ಬಣ್ಣದ ಅಭ್ರಕ). 300 ಕೋಟಿ ವರ್ಷದ ಕಲ್ಲು, ಉಜ್ಜಲು ಅಂಥ ತಕರಾರಿಲ್ಲ. ಕಲಿಯುವವರು ಇದರಿಂದ ಶುರುಮಾಡಿ. ರಾಮನಗರದ ಕ್ಲೋಸ್‌ಪೇಟ್ ಗ್ರಾನೈಟ್ ಬೇರೆಯೇ ತಮಾಷೆ. ಅದರ ಪೊಟ್ಯಾಶ್ ಫೆಲ್ಡ್‌ಸ್ಪಾರ್ ಹರಳುಗಳು ಎಷ್ಟು ದೊಡ್ಡವೆಂದರೆ ಸ್ಲೈಡ್ ತುಂಬ ಒಂದೇ ಹರಳು ಕೂತಿತ್ತು. ಮೂರು ಸ್ಲೈಡ್ ಮಾಡಿ ಜೋಡಿಸಿದೆ.

ಕಬ್ಬಾಳದ ಕಲ್ಲಿನ ಬಗ್ಗೆ ಮಾತ್ರ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಗ್ನೈಸ್ ಅಲ್ಲೇ ಚಾರ್ನೊಕೈಟ್ (ಆಳದಲ್ಲಿ ಬೆಂದು ನೀರು ಕಳೆದುಕೊಂಡ ಕಲ್ಲು) ಆಗುತ್ತಿರುವುದನ್ನು 1960ರಲ್ಲಿ ಭೂವಿಜ್ಞಾನಿ ಪಿಚ್ಚಮುತ್ತು ಅವರು ಜಗತ್ತಿಗೆ ತೋರಿಸಿದ ಜಾಗ ಅದು. ಬೂದು ಗ್ನೈಸಿನ ನಡುವೆ ಎಣ್ಣೆಹಸಿರು ಕಲೆಗಳು. ನನಗೆ ಬೇಕಿದ್ದದ್ದು ಆ ಗಡಿ: ಒಂದೇ ಸ್ಲೈಡಿನ ಅರ್ಧ ಗ್ನೈಸ್, ಅರ್ಧ ಚಾರ್ನೊಕೈಟ್. ಹಸಿರು ಕಡೆ ಮತ್ತು ಬೂದು ಕಡೆ ಸವೆಯುವ ವೇಗ ಬೇರೆ ಬೇರೆ. ತುಂಬ ಸಲ ಕೆಟ್ಟಿತು. ಕೊನೆಗೆ 1000 ನಂಬರಿನಲ್ಲೇ ಬಹಳ ಹೊತ್ತು, ಒತ್ತಡವೇ ಇಲ್ಲದೆ ಉಜ್ಜಿದ್ದು ಫಲ ಕೊಟ್ಟಿತು. ಈಗ ಒಂದು ಕಡೆ ಕಂದು ಬಯೋಟೈಟ್, ಇನ್ನೊಂದು ಕಡೆ ಹೈಪರ್‌ಸ್ತೀನ್. ಮೈಕ್ರೋಸ್ಕೋಪಿನ ಸ್ಟೇಜ್ ತಿರುಗಿಸಿದರೆ ಹೈಪರ್‌ಸ್ತೀನ್ (ಪೈರಾಕ್ಸೀನಿನದೇ ಒಂದು ಬಗೆ) ತಿಳಿ ಗುಲಾಬಿಯಿಂದ ತಿಳಿ ಹಸಿರಿಗೆ ಬಣ್ಣ ಬದಲಾಯಿಸುತ್ತದೆ. ಆಳದಿಂದ ಬಂದ ಕಾರ್ಬನ್ ಡೈಆಕ್ಸೈಡ್ ನೀರನ್ನು ಹೊರಗೆ ತಳ್ಳಿತು ಅನ್ನುವುದು ಒಂದು ವಾದ. ಮೇಷ್ಟ್ರು ಈ ಸ್ಲೈಡ್ ನೋಡಿದ ಮೇಲೆಯೇ ಬೆರಳು ಸವೆಯುವ ಮಾತು ನಿಲ್ಲಿಸಿದ್ದು.

ಮ್ಯಾಂಟಲ್‌ಗೆ ಏನು ಮಾಡುವುದು? ಮೇಲಿನ ಮ್ಯಾಂಟಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆಲಿವೀನ್, ಅಂದರೆ ಮೆಗ್ನೀಸಿಯಮ್, ಕಬ್ಬಿಣ, ಸಿಲಿಕಾನ್, ಆಮ್ಲಜನಕ. ಮೈಸೂರಿನ ದೊಡ್ಡಕಾನ್ಯ ಕಡೆಯ ಡ್ಯೂನೈಟ್ ತಂದೆ, ಹೆಚ್ಚುಕಡಿಮೆ ಪೂರ್ತಿ ಆಲಿವೀನಿನ ಕಲ್ಲು. ಇದು ನೇರವಾಗಿ ಮ್ಯಾಂಟಲ್ ತುಂಡಲ್ಲ. ಮ್ಯಾಂಟಲ್‌ನಿಂದ ಬಂದ ಶಿಲಾಪಾಕದಲ್ಲಿ ತಳಕ್ಕೆ ಕೂತ ಹರಳುಗಳು. ಆದರೂ ನಮ್ಮ ಕೈಗೆ ಸುಲಭವಾಗಿ ಸಿಗುವುದು ಇದೇ. ಇದರಲ್ಲಿ ಕ್ವಾರ್ಟ್ಜ್ ಇಲ್ಲವಲ್ಲ, ದಪ್ಪ ನೋಡುವುದು ಹೇಗೆ? ಪಕ್ಕದಲ್ಲಿ ಗ್ನೈಸಿನ ಒಂದು ಚಿಕ್ಕ ಚೂರನ್ನೂ ಅಂಟಿಸಿ ಒಟ್ಟಿಗೇ ಉಜ್ಜಿ. ಅದರ ಕ್ವಾರ್ಟ್ಜ್ ಬೂದು-ಬಿಳಿಗೆ ಬಂದಾಗ ನಿಲ್ಲಿಸಿ. ಈ ಉಪಾಯ ಎಲ್ಲರಿಗೂ ಧರ್ಮಾರ್ಥ. ಆಲಿವೀನ್ ನೀರು ಸೇರಿ ಬಹುಪಾಲು ಸರ್ಪೆಂಟೀನ್ ಅನ್ನುವ ಖನಿಜವಾಗಿ ಬಲೆ ಕಟ್ಟಿದೆ. ಬಲೆಯ ಕಣ್ಣುಗಳಲ್ಲಿ ಅಷ್ಟಿಷ್ಟು ಆಲಿವೀನ್ ಉಳಿದು ನೀಲಿ, ಗುಲಾಬಿ, ಹಸಿರಾಗಿ ಹೊಳೆಯುತ್ತದೆ.

ಅದೇ ಕಲ್ಲಿನ ಬಿಳಿ ಗೆರೆ ಮ್ಯಾಗ್ನಸೈಟ್, ಅಂದರೆ ಮೆಗ್ನೀಸಿಯಮ್ ಕಾರ್ಬೊನೇಟ್. ಸುಮ್ನೆ ನೋಡೋಣ ಅಂತ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದೆ. ತಣ್ಣಗಿದ್ದಾಗ ಏನೂ ಆಗಲಿಲ್ಲ. ಪುಡಿ ಮಾಡಿ ಬಿಸಿ ಮಾಡಿದಾಗ ನೊರೆ ಬಂತು. ಕಿಟಕಿ ತೆಗೆದಿಟ್ಟು ಮಾಡಿ.

ಇನ್ನೊಂದು ದಾರಿ ತಪ್ಪಿದ ಪ್ರಯೋಗ ಸಾಂದ್ರತೆಯದು. ಚಿನ್ನ ತೂಗುವ ಚಿಕ್ಕ ತಕ್ಕಡಿ, ಸುಮಾರು ನಾನೂರು ರೂಪಾಯಿ. ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದೆ. ಗ್ನೈಸ್ 2.7ರ ಹತ್ತಿರ (ಅಂದರೆ ನೀರಿನ 2.7 ಪಟ್ಟು), ಚಾಮರಾಜನಗರದ ಕಪ್ಪು ಕಲ್ಲು 3. ಡ್ಯೂನೈಟ್ 3.3 ಬರಬೇಕಿತ್ತು, 2.8 ಬಂತು. ತಕ್ಕಡಿಯನ್ನು ಬೈದೆ. ಆಮೇಲೆ ಸ್ಲೈಡಿನಲ್ಲಿ ಸರ್ಪೆಂಟೀನ್ ನೋಡಿದಾಗ ಲೆಕ್ಕ ಕೂತಿತು, ನೀರು ಸೇರಿ ಕಲ್ಲು ಹಗುರಾಗಿದೆ. ಸಂಡೂರಿನ ಅದಿರು 4.5 ದಾಟಿತು. ಇಡೀ ಭೂಮಿಯ ಸರಾಸರಿ 5.5. ಒತ್ತಡಕ್ಕೆ ಕುಗ್ಗಿದ್ದನ್ನು ಕಳೆದರೂ 4ರ ಆಸುಪಾಸು. ನಮ್ಮ ಅಂಗಳದ ಯಾವ ಸಾಧಾರಣ ಕಲ್ಲಿನಿಂದಲೂ ಆ ಲೆಕ್ಕ ತುಂಬುವುದಿಲ್ಲ, ಒಳಗೆ ಕಬ್ಬಿಣ ಇರಲೇಬೇಕು. ಭೂಕವಚದಲ್ಲಿ ಕಬ್ಬಿಣ ಶೇಕಡಾ 5ರಷ್ಟು, ಇಡೀ ಭೂಮಿಯ ತೂಕ ತಗೊಂಡರೆ ಶೇಕಡಾ 32. ಆಮ್ಲಜನಕಕ್ಕಿಂತಲೂ ಜಾಸ್ತಿ!

ಕೇಂದ್ರಗೋಳಕ್ಕೆ ಸ್ಲೈಡ್ ಇಲ್ಲ. 2,900 ಕಿಲೋಮೀಟರ್ ಕೆಳಗಿನ ಕಬ್ಬಿಣ-ನಿಕ್ಕಲ್ ಯಾರಿಗೂ ಸಿಕ್ಕಿಲ್ಲ. ಅದರ ಬದಲಿಗೆ ಅಂಥದ್ದೇ ಲೋಹದ ಉಲ್ಕೆ ಕೊಳ್ಳೋಣ ಅಂದುಕೊಂಡೆ. ಆದರೆ ಲೋಹ ಎಷ್ಟು ತೆಳ್ಳಗೆ ಉಜ್ಜಿದರೂ ಬೆಳಕು ಬಿಡುವುದಿಲ್ಲ. ಕಪ್ಪು ಚೌಕ ನೋಡಲು ಸಾವಿರಾರು ರೂಪಾಯಿ ಯಾಕೆ? ಸೆಟ್ಟಿನ ಆ ಜಾಗದಲ್ಲಿ ಸಂಡೂರಿನ ಕಬ್ಬಿಣದ ಕಲ್ಲಿನ ಸ್ಲೈಡ್ ಇಟ್ಟಿದ್ದೇನೆ, ಚೀಟಿಯಲ್ಲಿ "ಇದು ಕೇಂದ್ರಗೋಳ ಅಲ್ಲ" ಅಂತ ಬರೆದು.

ನಿಜವಾದ ಮ್ಯಾಂಟಲ್ ತುಂಡು ಬೇಕಾದರೆ ಅನಂತಪುರದ ವಜ್ರಕರೂರು ಕಡೆಯ ಕಿಂಬರ್ಲೈಟ್‌ನಲ್ಲಿ ಇದೆ. ಕಿಂಬರ್ಲೈಟ್ ಅಂದರೆ ಮ್ಯಾಂಟಲ್ ಆಳದಿಂದ ಕೊಳವೆಯ ಹಾಗೆ ಎದ್ದ ಜ್ವಾಲಾಮುಖಿ ಕಲ್ಲು. ಸುಮಾರು 110 ಕೋಟಿ ವರ್ಷದ ಹಿಂದೆ ಆ ಕೊಳವೆಗಳು ಮೇಲೆ ಬರುವಾಗ ಗಾರ್ನೆಟ್ ತುಂಬಿದ ಚೂರುಗಳನ್ನು ಎತ್ತಿ ತಂದಿವೆ. ಸರಿಯಾದ ಅನುಮತಿಯ ದಾರಿಯಲ್ಲಿ ಒಂದು ಚೂರು ಕೇಳಿದ್ದೇನೆ, ಉತ್ತರ ಬಂದಿಲ್ಲ. ಬಂದರೆ ಅದು ಮೆತ್ತಗಿನ, ಪುಡಿಯಾಗುವ ಕಲ್ಲು, ನೆನೆಸುವ ಎಪಾಕ್ಸಿ ಇನ್ನೂ ತೆಳ್ಳಗಾಗಬೇಕು. ಅದರ ಪ್ರಯೋಗ ಈಗಲೇ ಹೆಂಚಿನ ಚೂರಿನ ಮೇಲೆ ನಡೆಯುತ್ತಿದೆ. ಮೇಷ್ಟ್ರ ಕಾಲೇಜಿನ ಸೆಟ್ಟಿಗೆ ಬೆಲೆ ಇನ್ನೂ ಹೇಳಿಲ್ಲ. ಕಬ್ಬಾಳದ ಗಡಿಯ ಸ್ಲೈಡ್ ಸೇರಿದರೆ ಒಂದು ರೇಟು, ಸೇರದಿದ್ದರೆ ಇನ್ನೊಂದು.