ಕಂಪ್ಯೂಟರ್ ಆನ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡೆಸುವ ಮೊದಲು ಇಷ್ಟು ಮಾಡಿ

ಬಳ್ಳಾರಿ ಇರಲಿ, ರಾಯಚೂರು ಇರಲಿ, ಕೊಪ್ಪಳ ಇರಲಿ, ಕೆಟ್ಟ ಕಂಪ್ಯೂಟರನ್ನು ಅಂಗಡಿಗೆ ಒಯ್ದರೆ ಬಹಳ ಕಡೆ ಕೇಳುವ ಮೊದಲ ಮಾತು ಒಂದೇ: "ಫಾರ್ಮ್ಯಾಟ್ ಹೊಡಿಬೇಕ್ರಿ ಸರ್." ಸರಿ ಅಂತ ಹೊಡೆಸುತ್ತೇವೆ. ಸಂಜೆ ಹೊತ್ತಿಗೆ ಕಂಪ್ಯೂಟರ್ ಚಾಲೂ ಆಗಿರುತ್ತದೆ, ಆದರೆ ಮಗಳ ಕಾಲೇಜು ಪ್ರಾಜೆಕ್ಟ್, 371ಜೆ ಪ್ರಮಾಣಪತ್ರದ ಸ್ಕ್ಯಾನ್, ಅಂಗಡಿಯ ಟ್ಯಾಲಿ ಲೆಕ್ಕ, ತೀರಿಹೋದ ಅಜ್ಜಿಯ ಫೋಟೊಗಳು ಎಲ್ಲ ಹೋಗಿರುತ್ತವೆ. ನನಗೆ ಸಂಕಟ ಆಗುವುದು ಇಲ್ಲೇ. ಎಷ್ಟೋ ಸಲ ಫಾರ್ಮ್ಯಾಟ್ ಬೇಕೇ ಇರುವುದಿಲ್ಲ. ಬೇಕಾದಾಗಲೂ ಅದಕ್ಕೆ ಮೊದಲು ಫೈಲುಗಳನ್ನು ಹೊರಗೆ ತೆಗೆಯಲು ದಾರಿ ಇರುತ್ತದೆ.

ಹಾಗಾಗಿ ಮೊದಲು ಒಂದು ಕೆಲಸ ಮಾಡಿ. ಪವರ್ ಬಟನ್ ಒತ್ತಿ, ಬೇರೇನನ್ನೂ ಮುಟ್ಟದೆ ಎರಡು ನಿಮಿಷ ಸುಮ್ನೆ ನೋಡಿ. ಲೈಟ್ ಹತ್ತಿತಾ? ಫ್ಯಾನ್ ತಿರುಗಿತಾ? ಕಂಪನಿ ಲೋಗೊ ಬಂತಾ? ವಿಂಡೋಸ್ ಚುಕ್ಕೆಗಳು ಸುತ್ತಿದವಾ? ಎಲ್ಲಿಯವರೆಗೆ ಬಂದು ನಿಂತಿತು ಅನ್ನುವುದು ಗೊತ್ತಾದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಪರದೆ ಮೇಲೆ ಬರಹವೋ ಅಂಕಿಯೋ ಬಂದರೆ ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ, ಮುಂದೆ ಅದೇ ಕೆಲಸಕ್ಕೆ ಬರುತ್ತದೆ.

ಲೈಟೇ ಹತ್ತದಿದ್ದರೆ

ಇದು ವಿಂಡೋಸ್ ತಪ್ಪಲ್ಲ. ಕರೆಂಟಿನ ದಾರಿ ನೋಡಿ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮೊಬೈಲ್ ಚಾರ್ಜ್ ಆಗುತ್ತಿದ್ದರೆ ಸಾಕೆಟ್ ಸರಿ ಇದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ. ನಮ್ಮ ಕಡೆಯ ಬಿಸಿಲಿಗೆ, ಪದೇಪದೇ ಕರೆಂಟ್ ಹೋಗಿ ಬರುವುದಕ್ಕೆ ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೋತುಹೋಗುತ್ತದೆ. ಡೆಸ್ಕ್‌ಟಾಪ್ ಆದರೆ ಡಬ್ಬದ ಹಿಂದೆ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮೇಲೆ ಸಣ್ಣ ಸ್ವಿಚ್ ಇರುತ್ತದೆ, ಕಸ ಗುಡಿಸುವಾಗ ಅದು ಆಫ್ ಆಗಿರಬಹುದು. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚುವಂಥದ್ದಾದರೆ ಕಳಚಿ, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿದು ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅಂದರೆ ಕೀಬೋರ್ಡಿನ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತ ಇದೆ, ಮಾನಿಟರ್ ಅಥವಾ ಅದರ ಕೇಬಲ್ ನೋಡಬೇಕು. ಆ ಲೈಟೂ ಹತ್ತುತ್ತಿಲ್ಲ, ಬೀಪ್ ಬೀಪ್ ಶಬ್ದ ಬೇರೆ ಬರುತ್ತಿದೆ ಅಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಡಬ್ಬ ತೆಗೆದು, ರ‍್ಯಾಮ್ ಪಟ್ಟಿಯನ್ನು ಎರಡೂ ಬದಿಯ ಕ್ಲಿಪ್ ಸರಿಸಿ ಹೊರಗೆ ತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ನ ಹತ್ತಿ ಎಳೆ, ಗಂಗಾವತಿ ಸಿಂಧನೂರಿನ ರೈಸ್ ಮಿಲ್‌ನ ತೌಡಿನ ಪುಡಿ ಇವೆಲ್ಲ ಕಂಪ್ಯೂಟರ್ ಒಳಗೇ ಹೋಗಿ ಕೂರುತ್ತವೆ.

ಆನ್ ಆಗಿ ಐದು ಹತ್ತು ನಿಮಿಷಕ್ಕೆ ತಾನೇ ಆಫ್ ಆಗುವುದಕ್ಕೂ ಹೆಚ್ಚಾಗಿ ಇದೇ ಧೂಳು ಕಾರಣ. ಪ್ರೊಸೆಸರ್ 100 ಡಿಗ್ರಿ ಆಸುಪಾಸು ಬಿಸಿಯಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇರುವ ಊರಲ್ಲಿ, ಫ್ಯಾನ್ ಕೆಳಗೆ ಧೂಳು ಮೆತ್ತಿಕೊಂಡಿದ್ದರೆ ಬಿಸಿ ಹೊರಗೆ ಹೋಗುವುದಾದರೂ ಹೇಗೆ? ಬ್ರಷ್‌ನಿಂದ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಿರಿ.

ಕಂಪನಿ ಲೋಗೊ ಬಂದು ಅಲ್ಲೇ ನಿಂತರೆ

ಕಪ್ಪು ಪರದೆಯಲ್ಲಿ 'ನೋ ಬೂಟ್ ಡಿವೈಸ್' ಅಥವಾ ಅಂಥದ್ದೇ ಒಂದು ಸಾಲು ಬಂದಿದೆ ಅಂದುಕೊಳ್ಳಿ. ಮೊದಲು ಪೆನ್‌ಡ್ರೈವ್, ಪ್ರಿಂಟರ್, ಕಾರ್ಡ್ ರೀಡರ್ ಎಲ್ಲ ಕಿತ್ತುಹಾಕಿ ಮತ್ತೆ ಆನ್ ಮಾಡಿ. ಕಂಪ್ಯೂಟರ್ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕುತ್ತಾ ಕೂತಿರಬಹುದು.

ಆಗಲಿಲ್ಲವಾ? ಆನ್ ಮಾಡಿದ ತಕ್ಷಣ ಎಫ್2 ಅಥವಾ ಡಿಲೀಟ್ ಕೀ ಒತ್ತುತ್ತಾ ಇರಿ, ಎಚ್‌ಪಿ ಆದರೆ ಎಫ್10. ಬಯಾಸ್ ಪರದೆ ಬರುತ್ತದೆ, ಅಂದರೆ ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ವ್ಯವಸ್ಥೆಯ ಸೆಟ್ಟಿಂಗ್ ಜಾಗ. ಅಲ್ಲಿ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸಿದರೆ ಮದರ್‌ಬೋರ್ಡಿನ ಸಣ್ಣ ಸೆಲ್ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಅನ್ನುವ 3 ವೋಲ್ಟ್ ಬಿಲ್ಲೆ ಇರುತ್ತದೆ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇದು ಸಣ್ಣದು ಅಂತ ಬಿಡಬೇಡಿ. ಸೆಲ್ ಸತ್ತರೆ ಬಯಾಸ್ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತವೆ, ಅದರಿಂದ ಡಿಸ್ಕ್ ಓದುವ ರೀತಿ ಬದಲಾದರೆ ಚೆನ್ನಾಗಿರುವ ವಿಂಡೋಸ್ ಕೂಡ ಏಳದೆ ಹೋಗಬಹುದು. ಅದನ್ನೇ 'ವಿಂಡೋಸ್ ಹೋಗಿದೆ' ಅಂದುಕೊಂಡು ಫಾರ್ಮ್ಯಾಟ್ ಹೊಡೆಯುತ್ತಾರೆ.

ಬಯಾಸ್‌ನಲ್ಲಿ ಹಾರ್ಡ್ ಡಿಸ್ಕ್ ಹೆಸರೇ ಕಾಣದಿದ್ದರೆ ಪ್ಲಗ್ ಕಿತ್ತು ಅದರ ಎರಡೂ ಕೇಬಲ್ ತೆಗೆದು ಹಾಕಿ. ಡಿಸ್ಕಿನಿಂದ ಟಕ್ ಟಕ್ ಅಂತ ಒಂದೇ ಸಮ ಶಬ್ದ ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ. ಆ ಡಿಸ್ಕ್ ಸಾಯುತ್ತಿದೆ. ಮತ್ತೆ ಮತ್ತೆ ಆನ್ ಮಾಡಿದಷ್ಟೂ, ಚೆಕ್ ಡಿಸ್ಕ್ ಓಡಿಸಿದಷ್ಟೂ ಒಳಗಿರುವುದು ಜಾಸ್ತಿ ಹಾಳಾಗುತ್ತದೆ. ಅದರಲ್ಲಿ ಬೇಕಾದ್ದು ಇದ್ದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ.

ವಿಂಡೋಸ್ ಚುಕ್ಕೆಗಳು ಸುತ್ತುತ್ತಲೇ ಇದ್ದರೆ

ಇಲ್ಲಿಯವರೆಗೆ ಬಂತು ಅಂದರೆ ಖುಷಿ ಪಡಿ, ಯಂತ್ರ ಬಹುಪಾಲು ಸರಿ ಇದೆ. ಆದರೆ ಪರದೆ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಅಂತಿದ್ದರೆ ಅವಸರ ಬೇಡ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಡಬ್ಬದ ಮೇಲಿನ ಡಿಸ್ಕ್ ಲೈಟ್ ಮಿಣುಕುತ್ತಿದ್ದರೆ ಕೆಲಸ ನಡೆದಿದೆ ಅಂತ ಅರ್ಥ. ರಾತ್ರಿಯಿಡೀ ಬಿಟ್ಟರೂ ಅಂಕಿ ಕದಲದಿದ್ದರೆ ಆಗ ಮುಂದಿನದು ಮಾಡಿ.

ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಆಫ್ ಮಾಡಿ. ಮತ್ತೆ ಆನ್ ಮಾಡಿ, ಚುಕ್ಕೆ ಸುತ್ತಲು ಶುರುವಾದ ಕೂಡಲೇ ಹಾಗೇ ಒತ್ತಿ ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪರದೆ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲಿ ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕಿದ ಬೀಗದ ಕೀ ಕೇಳುತ್ತದೆ. ಅದು 48 ಅಂಕಿಯದು. ಗಾಬರಿ ಬೇಡ, ಲ್ಯಾಪ್‌ಟಾಪ್ ಶುರು ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಲಾಗಿನ್ ಆಗಿ ನೋಡಿದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಆ ಕೀ ಇಲ್ಲದೆ ಡಿಸ್ಕ್ ಕಳಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಫೈಲ್ ತೆರೆಯುವುದಿಲ್ಲ. ಅದಕ್ಕೇ ಕಂಪ್ಯೂಟರ್ ಚೆನ್ನಾಗಿರುವಾಗಲೇ ಕೀ ಬರೆದು ಮನೆಯ ಕಾಗದಪತ್ರದ ಜೊತೆ ಇಟ್ಟುಬಿಡಿ.

ಈಗ ಯಾವ ರಿಪೇರಿಗೂ ಮೊದಲು ಫೈಲ್ ಹೊರಗೆ ತೆಗೆಯಿರಿ. ವಿಂಡೋಸ್ ಏಳದಿದ್ದರೂ ಇದು ಆಗುತ್ತದೆ. ಪೆನ್‌ಡ್ರೈವ್ ಹಾಕಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ 'ಆಲ್ ಫೈಲ್ಸ್' ಆರಿಸಿ. ಈಗ ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತವೆ. ಇಲ್ಲಿ ಸಿ ಡ್ರೈವ್‌ನ ಹೆಸರು ಡಿ ಅಥವಾ ಇ ಅಂತ ಬದಲಾಗಿರಬಹುದು, ಒಳಗೆ ಹೊಕ್ಕು ಗುರುತು ಹಿಡಿಯಿರಿ. ಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಇಲ್ಲಿ ಬರುವುದಿಲ್ಲ, ಕಿಟಕಿ ನಿಂತುಹೋದಂತೆ ಕಾಣುತ್ತದೆ. ಕಾಯಿರಿ.

'ನಂದೆಲ್ಲ ಡಿ ಡ್ರೈವ್‌ನಲ್ಲಿದೆ' ಅನ್ನುವವರು ಒಮ್ಮೆ ನಿಜವಾಗಿ ನೋಡಿಕೊಳ್ಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಬೇರೆ ಜಾಗ ತೋರಿಸಿರದಿದ್ದರೆ ಟ್ಯಾಲಿ ಡೇಟಾ ಕೂಡ ಅಲ್ಲೇ. ಟ್ಯಾಲಿ ಪ್ರೈಮ್ ಆದರೆ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್‌ನಲ್ಲಿ ಹುಡುಕಿ.

ಕಾಪಿ ಮುಗಿಯಿತಾ? ಇನ್ನು ಧೈರ್ಯವಾಗಿ ರಿಪೇರಿ ಮಾಡಿ. ಮೊದಲು ಸ್ಟಾರ್ಟಪ್ ರಿಪೇರ್. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್‌ಗೆ ಹೋಗಿ 'ಕ್ವಾಲಿಟಿ ಅಪ್‌ಡೇಟ್' ತೆಗೆಯಿರಿ. ಅದಕ್ಕೂ ಆಗದಿದ್ದರೆ ಸಿಸ್ಟಂ ರಿಸ್ಟೋರ್, ಹಳೆಯ ಒಂದು ದಿನಕ್ಕೆ ವಿಂಡೋಸ್ ಹಿಂದಿರುಗುತ್ತದೆ, ನಿಮ್ಮ ಫೈಲುಗಳು ಹಾಗೇ ಇರುತ್ತವೆ. ಆಮೇಲೆ ಸೇಫ್ ಮೋಡ್, ಅಂದರೆ ತೀರಾ ಬೇಕಾದ್ದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಏಳುವ ರೀತಿ: ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್, ಪಟ್ಟಿ ಬಂದಾಗ 4 ಒತ್ತಿ. ಸೇಫ್ ಮೋಡ್‌ನಲ್ಲಿ ಸರಿಯಾಗಿ ಎದ್ದರೆ ತಪ್ಪು ಹೆಚ್ಚಾಗಿ ಯಾವುದೋ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಅಥವಾ ಆಂಟಿವೈರಸ್‌ನದು. ಇತ್ತೀಚೆಗೆ ಹಾಕಿದ್ದನ್ನು ತೆಗೆದುಹಾಕಿ.

ಸೇಫ್ ಮೋಡ್ ಎಷ್ಟು ದೊಡ್ಡ ಉಪಕಾರ ಅನ್ನುವುದು 2024ರ ಜುಲೈ 19ರಂದು ಲೋಕಕ್ಕೇ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅಷ್ಟಕ್ಕೂ ಪರಿಹಾರ ಏನಿತ್ತು? ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಬೇಕಾಗಲಿಲ್ಲ.

ಎದ್ದು ನಿಂತರೂ ಅಪ್‌ಡೇಟ್ ಆಗದಿದ್ದರೆ

ಮೊದಲು ಸಿ ಡ್ರೈವ್‌ನಲ್ಲಿ ಜಾಗ ನೋಡಿ. 80070070 ಅನ್ನುವ ಅಂಕಿ ಬಂದಿದ್ದರೆ ಡಿಸ್ಕ್ ತುಂಬಿದೆ ಅಂತಲೇ ಅರ್ಥ. 20 ಜಿಬಿ ಖಾಲಿ ಮಾಡಿಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ತೆಗೆಯಿರಿ. ಅಲ್ಲಿ ಡೌನ್‌ಲೋಡ್ಸ್ ಎದುರು ಟಿಕ್ ಇದ್ದರೆ ಆ ಟಿಕ್ ಅನ್ನು ಮೊದಲೇ ಮರೆಯದೆ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಅರ್ಜಿ ಪಿಡಿಎಫ್‌ಗಳೂ ಹೋಗುತ್ತವೆ.

ಆಮೇಲೆ ದಿನಾಂಕ. ದಿನಾಂಕ ತಪ್ಪಿದ್ದರೆ ಮೈಕ್ರೋಸಾಫ್ಟ್ ಸರ್ವರ್ ಜೊತೆ ಭದ್ರ ಸಂಪರ್ಕವೇ ಆಗುವುದಿಲ್ಲ, ಮತ್ತೆ ಅದೇ ಸಣ್ಣ ಸೆಲ್‌ನ ಕಥೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ವೈಫೈ ಸೆಟ್ಟಿಂಗ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಇದೆಯಾ ನೋಡಿ. ಆನ್ ಇದ್ದರೆ ಡೇಟಾ ಉಳಿಸಲು ವಿಂಡೋಸ್ ಅಪ್‌ಡೇಟ್ ತಡೆದಿಡುತ್ತದೆ. ಇನ್ನೊಂದು, ದಿನಾ ಶಟ್‌ಡೌನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರ್ ಶಟ್‌ಡೌನ್‌ನಲ್ಲಿ ಪೂರ್ತಿ ಆಫ್ ಆಗುವುದಿಲ್ಲ, ರಿಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಏಳುತ್ತದೆ.

ಫಾರ್ಮ್ಯಾಟ್ ಹೊಡೆಸಿದ ಕಂಪ್ಯೂಟರ್‌ಗಳಲ್ಲಿ ಕೆಲವು ಕಡೆ ಅಪ್‌ಡೇಟ್ ಬಂದ್ ಮಾಡಿಯೇ ಕೊಟ್ಟಿರುತ್ತಾರೆ. ಸ್ಟಾರ್ಟ್ ಮೆನುವಿನಲ್ಲಿ ಸರ್ವೀಸಸ್ ಹುಡುಕಿ ತೆರೆದು ವಿಂಡೋಸ್ ಅಪ್‌ಡೇಟ್ ಎದುರು 'ಡಿಸೇಬಲ್ಡ್' ಇದ್ದರೆ 'ಮ್ಯಾನುಯಲ್' ಮಾಡಿ.

ಅರ್ಧ ಡೌನ್‌ಲೋಡ್ ಆಗಿ ಕರೆಂಟ್ ಹೋಗಿ ಫೈಲ್ ಕೆಟ್ಟಿರುವುದು ನಮ್ಮಲ್ಲಿ ಮಾಮೂಲು. ಅದೇ ಸರ್ವೀಸಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಅನ್ನು ಸ್ಟಾಪ್ ಮಾಡಿ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಅದರೊಳಗೆ ಡೌನ್‌ಲೋಡ್ ಫೋಲ್ಡರ್‌ಗೆ ಹೋಗಿ ಇರುವುದನ್ನೆಲ್ಲ ಅಳಿಸಿ, ರಿಸ್ಟಾರ್ಟ್ ಮಾಡಿ. ಮತ್ತೆ ಹೊಸದಾಗಿ ಇಳಿಯುತ್ತದೆ. 80073712 ಅನ್ನುವ ಅಂಕಿ ಬಂದರೆ ವಿಂಡೋಸ್‌ನ ಸ್ವಂತ ಫೈಲೇ ಕೆಟ್ಟಿದೆ. ವಿಂಡೋಸ್ 11 ಆದರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ 'ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್' ಅನ್ನುವುದಿದೆ. ಫೈಲು, ಟ್ಯಾಲಿ, ನುಡಿ ಯಾವುದನ್ನೂ ಮುಟ್ಟದೆ ವಿಂಡೋಸ್ ಅನ್ನು ಮಾತ್ರ ಹೊಸದಾಗಿ ಕೂರಿಸುತ್ತದೆ. ಹಲವಾರು ಜಿಬಿ ಡೇಟಾ ಬೇಕು, ಹೊತ್ತೂ ಬೇಕು, ಆದರೆ ಫಾರ್ಮ್ಯಾಟ್‌ಗಿಂತ ಸಾವಿರ ಪಾಲು ವಾಸಿ.

ವಿಂಡೋಸ್ 10 ಇರುವವರಿಗೆ ಬೇರೆ ವಿಷಯ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ ಭದ್ರತಾ ಅಪ್‌ಡೇಟ್‌ಗೆ ಒಂದು ವರ್ಷ ಹೆಚ್ಚುವರಿ ಅವಧಿ ಕೊಟ್ಟಿದ್ದರು. ಅಪ್‌ಡೇಟ್ ಬರುತ್ತಿಲ್ಲ ಅಂತ ರಿಪೇರಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೋಡಿಕೊಳ್ಳಿ. ವಿಂಡೋಸ್ 11ಕ್ಕೆ ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು.

ಅಂಗಡಿಗೆ ಒಯ್ಯಲೇಬೇಕು ಅಂದರೆ

ಒಯ್ಯಿರಿ, ತಪ್ಪೇನಿಲ್ಲ. ಆದರೆ ಎಲ್ಲಿ ನಿಂತಿತು, ಯಾವ ಅಂಕಿ ಬಂತು, ಏನೇನು ಮಾಡಿ ನೋಡಿದಿರಿ ಅಂತ ಹೇಳಿ, ಫೋಟೊ ತೋರಿಸಿ. 'ಅಣ್ಣಾ, ಕೇಳದೆ ಫಾರ್ಮ್ಯಾಟ್ ಮಾಡಬೇಡಿ, ಸಿ ಡ್ರೈವ್‌ನ ಡೇಟಾ ಬೇಕು' ಅಂತ ಬಾಯಲ್ಲೂ ಹೇಳಿ, ಚೀಟಿ ಬರೆದು ಡಬ್ಬಕ್ಕೂ ಅಂಟಿಸಿ. ಹಾರ್ಡ್ ಡಿಸ್ಕ್ ಬದಲಿಸಿ ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಡಿಸ್ಕ್ ವಾಪಸ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್‌ಗಳು ಇನ್ನೂ ಇರುತ್ತವೆ.