ಯಕ್ಷಗಾನ ಆಟದ ಫೋಟೋಕ್ಕೆ ಜೂಮ್ ಬೇಕೇ ಬೇಕಾ? ನನ್ನ ಅನುಭವ

ಯಕ್ಷಗಾನದ ಫೋಟೋ ತೆಗೆಯಬೇಕಾದರೆ 70-200 ಎಫ್ 2.8 ಜೂಮ್ ಲೆನ್ಸೇ ಬೇಕು. ಉಡುಪಿ, ಕುಂದಾಪುರ, ಮಂಗಳೂರು ಕಡೆ ಕ್ಯಾಮೆರಾ ಹಿಡಿದ ಯಾರನ್ನು ಕೇಳಿದರೂ ಇದೇ ಉತ್ತರ. ನಾನು ಅದನ್ನು ಕೊಳ್ಳಲಿಲ್ಲ. ನನ್ನದು ಹಳೆಯ ಕ್ಯಾನನ್ 6ಡಿ ಕ್ಯಾಮೆರಾ, ಅದಕ್ಕಿಂತಲೂ ಹಳೆಯ, ಜೂಮ್ ಇಲ್ಲದ 85 ಎಂಎಂ ಎಫ್ 1.8 ಲೆನ್ಸ್. ಎರಡೂ ಸೆಕೆಂಡ್ ಹ್ಯಾಂಡ್. ಎರಡೂ ಸೇರಿ ಐವತ್ತೈದು ಸಾವಿರದ ಆಸುಪಾಸು. ಕಳೆದ ಸೀಸನ್ನಿನ ಫೋಟೋಗಳು 20×30 ಇಂಚಿಗೆ ಪ್ರಿಂಟ್ ಆಗಿ ಗೋಡೆಗೆ ಏರಿದ ಮೇಲೆ ಕೆಲವರು ಸುಮ್ಮನಾಗಿದ್ದಾರೆ. ಇನ್ನು ಕೆಲವರು ಹೇಗೆ ತೆಗೆದದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಐಎಸ್ಒ ಅಂದರೇನು, ಅಪರ್ಚರ್ ಅಂದರೇನು ಎಂಬುದಕ್ಕೆಲ್ಲ ಹೋಗುವುದಿಲ್ಲ. ಅದು ನಿಮಗೆ ಗೊತ್ತಿರುವುದೇ.

ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಕ್ರಾಪ್ (ಸಣ್ಣ) ಸೆನ್ಸರಿನ ಬಾಡಿ, ಜೊತೆಗೆ ಬಂದ 18-55 ಲೆನ್ಸ್. ಹಗಲು ಮಲ್ಪೆ ಬಂದರಿಗೆ ಹೋದರೆ ಅದರಲ್ಲೇ ಒಳ್ಳೆ ಫೋಟೋ ಬರುತ್ತಿತ್ತು. ರಾತ್ರಿ ಆಟಕ್ಕೆ ಮಾತ್ರ ಅದು ಏನಕ್ಕೂ ಆಗುವುದಿಲ್ಲ. 55ಕ್ಕೆ ಎಳೆದರೆ ಎಫ್ 5.6, ಬರೀ ಕತ್ತಲೆ. ಫ್ಲಾಶ್ ಹಾಕಿದರೆ ಬಣ್ಣ ಬಳಿದ ಮುಖ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತದೆ. ಅರ್ದಳದ ಹಳದಿಯೂ ಇಲ್ಲ, ಇಂಗಳೀಕದ ಕೆಂಪೂ ಇಲ್ಲ. ಒಮ್ಮೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಹಿರಿಯ ವೇಷಧಾರಿಯೊಬ್ಬರು ಗೆಜ್ಜೆ ಬಿಚ್ಚುತ್ತಾ, "ಕಣ್ಣಿಗೆ ಹೊಡೀತದೆ ಮಾರಾಯ್ರೆ, ದಿಗಿಣ ಹಾರುವಾಗ ನೆಲವೇ ಕಾಣುವುದಿಲ್ಲ" ಅಂದರು. ಅವತ್ತಿಗೆ ಫ್ಲಾಶ್ ಬಂದ್.

ಆಮೇಲೆ 70-200 ಬಾಡಿಗೆಗೆ ತಂದೆ. ಒಂದು ರಾತ್ರಿಗೆ ಸುಮಾರು ಸಾವಿರದ ಐನೂರು, ಮೇಲೆ ಡಿಪಾಸಿಟ್. ಲೆನ್ಸಿನ ಬಗ್ಗೆ ದೂರಿಲ್ಲ, ಒಳ್ಳೆಯದೇ. ಆದರೆ ಎಫ್ 2.8ಕ್ಕೆ ಐಎಸ್ಒ 6400 ಕೆಳಗೆ ಇಳಿಯಲಿಲ್ಲ. ಕ್ರಾಪ್ ಬಾಡಿಯಲ್ಲಿ 6400 ಅಂದರೆ ಫೋಟೋದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಒಂದೂವರೆ ಕಿಲೋ ತೂಕ ಕೈಯಲ್ಲಿ ಹಿಡಿದು ಬೆಳಗಿನ ಜಾವದವರೆಗೆ ನಿಲ್ಲಬೇಕು. ಇನ್ನೊಂದು ಕಷ್ಟ ಯಾರೂ ಹೇಳುವುದಿಲ್ಲ. ಜೂಮ್ ಇದೆ ಅಂತ ಹಿಂದೆ ನಿಂತರೆ ನಡುವೆ ಇರುವುದು ಜನ. ಒಳ್ಳೆಯ ವೇಷ ಬಂದ ಕೂಡಲೇ ಐವತ್ತು ಮೊಬೈಲು ಮೇಲೇಳುತ್ತವೆ. ಲೆನ್ಸು ಎರಡು ಲಕ್ಷದ್ದೇ ಇರಲಿ, ಎದುರಿಗೆ ಮೊಬೈಲು ಬಂದ ಮೇಲೆ ಎಂತ ಮಾಡುವುದು?

ಬಾಡಿಗೆ ಲೆಕ್ಕ ಹಾಕಿದರೆ ಒಂದು ಸೀಸನ್ನಿಗೆ ನನ್ನ ಲೆಕ್ಕದಲ್ಲಿ ಒಂದು ಲೆನ್ಸಿನ ದುಡ್ಡು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತಿರುಗಾಟ ಮುಗಿಯುವ ದಿನದವರೆಗೆ, ಆಟವೋ ಆಟ. ಅಷ್ಟು ರಾತ್ರಿ ಬಾಡಿಗೆ ಕಟ್ಟುವ ಶಕ್ತಿ ಸಂಬಳದವನಿಗೆ ಎಲ್ಲಿದೆ?

50 ಎಂಎಂ ಎಫ್ 1.8 ತಂದೆ. ಬೆಳಕು ಬಂತು, ಫೋಕಸ್ ಬರಲಿಲ್ಲ. ನನ್ನ ಆ ಬಾಡಿ ಅರೆಗತ್ತಲೆಯಲ್ಲಿ ಹುಡುಕಿ ಹುಡುಕಿ ಸುಸ್ತಾಗುತ್ತಿತ್ತು. ಆಮೇಲೆ ಹಳೆಯ ಕಾಲದ ತಿರುಪು ಮೌಂಟಿನ ಮ್ಯಾನುವಲ್ 135 ಒಂದನ್ನು ಅಡಾಪ್ಟರ್ ಹಾಕಿ ನೋಡಿದೆ. ಅಂಗಡಿಯವನು ಗಾಜು ಕ್ಲೀನ್ ಇದೆ ಅಂದಿದ್ದ. ಮನೆಗೆ ತಂದು ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗೆಲ್ಲ ಜೇಡರ ಬಲೆ, ಫಂಗಸ್. ದುಡ್ಡು ವಾಪಸ್ ಬರಲಿಲ್ಲ. ನಾಲ್ಕು ಸಾವಿರ ಹೋಯಿತು. ಅಲ್ಲಿಂದ ಮೇಲೆ ಟಾರ್ಚ್ ಇಲ್ಲದೆ ಲೆನ್ಸ್ ನೋಡಲು ಹೋಗುವುದಿಲ್ಲ.

6ಡಿ ಯಾಕೆ ಅಂತ ಕೇಳಿದರೆ ಒಂದೇ ಕಾರಣ, ನಡುವಿನ ಫೋಕಸ್ ಪಾಯಿಂಟ್. ಮೈನಸ್ 3 ಇವಿ ತನಕ, ಅಂದರೆ ಬೆಳದಿಂಗಳಿನಷ್ಟು ಮಂದ ಬೆಳಕಿನಲ್ಲೂ, ಅದು ಹಿಡಿಯುತ್ತದೆ. ಉಳಿದ ಹತ್ತು ಪಾಯಿಂಟ್‌ಗಳು ರಾತ್ರಿಗೆ ಲೆಕ್ಕಕ್ಕಿಲ್ಲ, ಮರೆತುಬಿಡಿ. 2012ರ ಕ್ಯಾಮೆರಾ, 20 ಮೆಗಾಪಿಕ್ಸೆಲ್, ವಿಡಿಯೋದವರಿಗೆ ಈಗ ಬೇಡ. ಮದುವೆ ಸ್ಟುಡಿಯೋದವರೆಲ್ಲ ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ. ಹಾಗಾಗಿ ಹಳೆಯ ಡಿಎಸ್ಎಲ್ಆರ್‌ಗಳು ಸುಮ್ನೆ ಕಪಾಟಿನಲ್ಲಿ ಬಿದ್ದಿವೆ. ನನ್ನದು ಮೂವತ್ತೇಳೋ ಮೂವತ್ತೆಂಟೋ ಸಾವಿರಕ್ಕೆ ಸಿಕ್ಕಿತು. ಶಟರ್ ಲೆಕ್ಕ, ಅಂದರೆ ಅದುವರೆಗೆ ಹೊಡೆದ ಕ್ಲಿಕ್ಕುಗಳು, ನಲವತ್ತು ಸಾವಿರದ ಹತ್ತಿರ ಇತ್ತು. ಶಟರಿನ ಆಯುಸ್ಸು ಅಂತ ಕಂಪೆನಿ ಹೇಳುವುದು ಒಂದು ಲಕ್ಷ. ಈ ಲೆಕ್ಕ ಮೆನುವಿನಲ್ಲಿ ಕಾಣುವುದಿಲ್ಲ, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಾಫ್ಟ್‌ವೇರಿನಲ್ಲೇ ನೋಡಬೇಕು. ಮಾರುವವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.

85 ಎಂಎಂ ಇನ್ನೊಬ್ಬರ ಕೈಯಿಂದ ಹದಿನೇಳು ಸಾವಿರಕ್ಕೆ. ಇದು 1992ರ ಡಿಸೈನ್. ತೂಕ ಅರ್ಧ ಕಿಲೋ ಕೂಡ ಇಲ್ಲ. ಇದನ್ನು ಹಿಡಿದುಕೊಂಡು ಹೋದ ದಿನ ಉಡುಪಿಯ ಮದುವೆ ಫೋಟೋಗ್ರಾಫರ್ ಒಬ್ಬರು, ನಾನು ಅಣ್ಣ ಅಂತಲೇ ಕರೆಯುವವರು, ನಕ್ಕರು. "ಎಂತ ಮಾರಾಯ, ಜೂಮ್ ಇಲ್ಲದೆ ಆಟ ತೆಗೀಲಿಕ್ಕೆ ಆಗ್ತದಾ? ವೇಷ ನಿನ್ನ ಹತ್ತಿರ ಬಂದು ನಿಲ್ತದಾ?" ಅಂದರು. "ನಾನೇ ಹತ್ತಿರ ಹೋಗ್ತೇನೆ ಅಣ್ಣ" ಅಂದೆ. ಗುಟ್ಟು ಅಂದರೆ ಇದೇ, ಬೇರೆ ಎಂತದೂ ಇಲ್ಲ.

ಫುಲ್ ಫ್ರೇಮಿನಲ್ಲಿ (6ಡಿಯದ್ದು ಹೀಗೆ ದೊಡ್ಡ ಸೆನ್ಸರು) 85 ಉದ್ದಕ್ಕೆ ಹಿಡಿದರೆ, ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಪೂರ್ತಿ ವೇಷ ಕೂರಲು ಹದಿನೇಳು-ಹದಿನೆಂಟು ಅಡಿ ಸಾಕು. ಅಂದರೆ ರಂಗಸ್ಥಳದ ಬುಡ. ಅಲ್ಲಿ ಕುರ್ಚಿ ಇಲ್ಲ, ಚಾಪೆ ಹಾಕಿ ಕೂರುವ ಮಕ್ಕಳು ಮತ್ತು ಅಜ್ಜಂದಿರು. ಅವರ ಜೊತೆ ನೆಲಕ್ಕೆ ಕೂತರೆ ಮುಂದೆ ಮೊಬೈಲೂ ಇಲ್ಲ, ತಲೆಯೂ ಇಲ್ಲ. ಕ್ರಾಪ್ ಬಾಡಿಯವರು ಇದೇ ಲೆನ್ಸಿಗೆ ಇಪ್ಪತ್ತೇಳು ಅಡಿ ದೂರಕ್ಕೆ ಸರಿಯಬೇಕು, ಮತ್ತೆ ಜನರ ನಡುವೆಯೇ. ಅವರಿಗೆ 50 ಸಾಕು. ನೆಲದಲ್ಲಿ ಯಾವ ಮೂಲೆಯಲ್ಲಿ ಕೂರುತ್ತೇನೆ ಅಂತ ಮಾತ್ರ ಹೇಳುವುದಿಲ್ಲ. ಹೇಳಿದರೆ ಮುಂದಿನ ಆಟದಲ್ಲಿ ನನಗೆ ಜಾಗ ಇರುವುದಿಲ್ಲ.

ಇನ್ನು ಬೆಳಕು. ಎಫ್ 2.8ರಿಂದ ಎಫ್ 2ಕ್ಕೆ ಬಂದರೆ 6400 ಇದ್ದದ್ದು 3200. ಶಟರ್ 1/200ರಿಂದ 1/100ಕ್ಕೆ ಇಳಿಸಿದರೆ 1600. ಅಷ್ಟಕ್ಕೆ ಫೋಟೋದ ಮುಖವೇ ಬದಲಾಗುತ್ತದೆ. 1/100 ಅಂದ ಕೂಡಲೇ ಎಲ್ಲರೂ ತಲೆ ಆಡಿಸುತ್ತಾರೆ, ಕುಣಿತ ಅಲುಗಿ ಹೋಗುವುದಿಲ್ಲವಾ ಅಂತ. 1/100ಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬು, ಅಗ್ಗದ ಎಲ್ಇಡಿ ಎಲ್ಲ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. 1/320ಕ್ಕೆ ಏರಿಸಿದರೆ ಒಂದು ಫೋಟೋ ಹಳದಿ, ಮುಂದಿನದು ಹಸಿರು, ಅದರ ಮುಂದಿನದಕ್ಕೆ ಅಡ್ಡ ಪಟ್ಟಿ. 1/100ರಲ್ಲಿ ಒಂದು ಮಿಣುಕು ಪೂರ್ತಿ ಸಿಗುತ್ತದೆ, ಬಣ್ಣ ಹಾರುವುದಿಲ್ಲ. 6ಡಿಯಲ್ಲಿ ಆಂಟಿ-ಫ್ಲಿಕರ್ ಇಲ್ಲ, ಬೇಕೂ ಇಲ್ಲ.

ಕುಣಿತ ಅಲುಗದಂತೆ ಹಿಡಿಯುವುದು ಹೇಗೆ? ಕಿವಿಯಿಂದ. ಚಿಕ್ಕಂದಿನಿಂದ ಆಟ ನೋಡಿದವರಿಗೆ ಚೆಂಡೆ ಯಾವಾಗ ಮುಕ್ತಾಯಕ್ಕೆ ಬರುತ್ತದೆ ಅಂತ ಎರಡು ಆವರ್ತ ಮೊದಲೇ ಗೊತ್ತಾಗುತ್ತದೆ. ಕೊನೆಯ ಪೆಟ್ಟಿಗೆ ವೇಷ ಗಕ್ಕನೆ ನಿಲ್ಲುತ್ತದೆ. ಎದೆ ಏರಿರುತ್ತದೆ, ಕೈ ಬಿಲ್ಲಿನ ಮೇಲಿರುತ್ತದೆ, ದೃಷ್ಟಿ ನೇರ. ಅರ್ಧ ಸೆಕೆಂಡು, ಹೆಚ್ಚೆಂದರೆ ಒಂದು. ಅಲ್ಲಿ 1/60 ಕೂಡ ನಡೆಯುತ್ತದೆ. ಕಿರೀಟದ ನೆರಳು ಕಣ್ಣಿನ ಮೇಲೆ ಬೀಳುವ ಸಮಸ್ಯೆಯೂ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ನಿಲ್ಲುವಾಗ ಗಲ್ಲ ಮೇಲೇಳುತ್ತದೆ. ಸೆಕೆಂಡಿಗೆ ಇಪ್ಪತ್ತು ಫೋಟೋ ಹೊಡೆಯುವ ಕ್ಯಾಮೆರಾದವರು ಮೂರು ಸಾವಿರ ಫೈಲು ಮನೆಗೆ ಒಯ್ಯುತ್ತಾರೆ. ನಾನು ಇನ್ನೂರು-ಇನ್ನೂರೈವತ್ತು. ಇದು ಸ್ವಲ್ಪ ಜಂಬ ಅಂತ ಗೊತ್ತು, ಇರಲಿ.

ದಿಗಿಣಕ್ಕೆ ಮಾತ್ರ ಈ ಉಪಾಯ ಇಲ್ಲ. ತಿರುಗುತ್ತಾ ಹಾರುವಾಗ 1/100ರಲ್ಲಿ ಕಾಲು ಎರಡೆರಡು ಬರುತ್ತದೆ. ನನಗೆ ಅದೇ ಇಷ್ಟ, ಆದರೆ ಕೊಳ್ಳುವವರಿಗೆ ಇಷ್ಟವಾಗಲಿಲ್ಲ.

ಕೆಂಪು ಬಣ್ಣದ ಬಗ್ಗೆ ಒಂದು ಮಾತು. ಕಿರೀಟ ವೇಷದ ಕೆಂಪು ಬಟ್ಟೆ ಕ್ಯಾಮೆರಾಕ್ಕೆ ಜೀರ್ಣವಾಗುವುದಿಲ್ಲ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮ್ ಸರಿ ಇದೆ ಅನ್ನುತ್ತದೆ, ಮನೆಗೆ ಬಂದು ನೋಡಿದರೆ ಬಟ್ಟೆಯ ಮಡಿಕೆ ಒಂದೂ ಇಲ್ಲ, ಬರೀ ಕೆಂಪು ಮುದ್ದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿಕೊಳ್ಳಿ, ಕೆಂಪಿನದ್ದನ್ನು ಮಾತ್ರ ನೋಡಿ, ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ ಕಡಿಮೆ ಮಾಡಿ. ರಾ ಫೈಲ್ ಆದರೆ ನೆರಳನ್ನು ಆಮೇಲೆ ಏರಿಸಬಹುದು. ಇನ್ನೊಂದು, ಈ 85ಕ್ಕೆ ಎಫ್ 1.8ರಲ್ಲಿ ಕಿರೀಟದ ಹೊಳೆಯುವ ಚೂರುಗಳ ಸುತ್ತ ನೇರಳೆ ಅಂಚು ಬರುತ್ತದೆ. ಎಫ್ 2.2ಕ್ಕೆ ತಂದರೆ ಕಡಿಮೆಯಾಗುತ್ತದೆ. ಉಳಿದದ್ದನ್ನು ಹೇಗೆ ತೆಗೆಯುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಒಂದೇ ಲೆನ್ಸಿನ ಹಠ ಎಲ್ಲ ಕಡೆ ನಡೆಯುವುದಿಲ್ಲ. ದೇವಿ ಪ್ರಸಂಗದಲ್ಲಿ ಮಹಿಷಾಸುರ ಬರುವುದು ಚೌಕಿಯಿಂದ ನೇರ ರಂಗಸ್ಥಳಕ್ಕಲ್ಲ, ಜನರ ಮಧ್ಯದಿಂದ. ಎರಡು ಕಡೆ ದೊಂದಿ, ರಾಳ ಎರಚಿದ ಕೂಡಲೇ ಆಳೆತ್ತರದ ಬೆಂಕಿ, ಮಕ್ಕಳ ಕಿರಿಚಾಟ. ಆಗ 85 ಹಿಡಿದವನಿಗೆ ಒಂದು ಕೊಂಬು ಸಿಕ್ಕರೆ ಪುಣ್ಯ. ಅಲ್ಲಿ ಹಳೆಯ 50 ಹಾಕುತ್ತೇನೆ. ರಾಳ ಉರಿಯುವ ಗಳಿಗೆಗೆ ಮೊದಲೇ ಐಎಸ್ಒ 800ಕ್ಕೆ ಇಳಿಸಿಟ್ಟು ಕಾಯುತ್ತೇನೆ. ಬೆಂಕಿ ಇಲ್ಲದಾಗ ಪೂರ್ತಿ ಕಪ್ಪು, ಬೆಂಕಿ ಎದ್ದಾಗ ಸರಿಯಾಗಿ ಬರುತ್ತದೆ.

ಬರೀ ದೊಂದಿ ಬೆಳಕಿನ ಆಟ ಒಂದರಲ್ಲೂ ಪ್ರಯೋಗ ಮಾಡಿದ್ದುಂಟು. ಐಎಸ್ಒ 12800, ವೈಟ್ ಬ್ಯಾಲೆನ್ಸ್ ಎಷ್ಟು ಕೆಳಗೆ ಎಳೆದರೂ ಕಿತ್ತಳೆ. ಸರಿ ಮಾಡಲು ಹೋಗಿ ಎರಡು ವಾರ ಕಳೆದೆ. ಕೊನೆಗೆ ಕಿತ್ತಳೆಯಾಗಿಯೇ ಬಿಟ್ಟೆ. ಕಪ್ಪು-ಬಿಳುಪು ಮಾಡಿ ನೋಡಿದರೆ ಬಣ್ಣದ ವೇಷದ (ರಕ್ಕಸ ವೇಷ) ಮುಖದ ಮೇಲಿನ ಬಿಳಿ ಚಿಟ್ಟಿ ಚೆನ್ನಾಗಿ ಎದ್ದು ಕಾಣುತ್ತದೆ, ಆದರೆ ಉಳಿದ ವೇಷಗಳೆಲ್ಲ ಸತ್ತ ಹಾಗೆ. ಟ್ರೈಪಾಡ್ ಇಟ್ಟು 1/8ರಲ್ಲಿ ಬಡಗುತಿಟ್ಟಿನ ಮಂಡಿ ಕುಣಿತವನ್ನೂ (ಮಂಡಿಯೂರಿ ತಿರುಗುವುದು) ತೆಗೆದೆ. ನೂರರಲ್ಲಿ ಒಂದು ಬಂತು. ಆ ಒಂದು ಮಾತ್ರ ನನ್ನ ಕೋಣೆಯ ಗೋಡೆಯಲ್ಲಿದೆ.

ಪ್ರಿಂಟಿನ ವಿಷಯ. ಊರಿನ ಹರಕೆ ಆಟದ ಸಮಿತಿಯವರು ಪ್ರದರ್ಶನಕ್ಕೆ ಅಂತ ಹನ್ನೆರಡೋ ಹದಿನಾಲ್ಕೋ ಫೋಟೋ ಕೇಳಿದರು. 20×30 ಇಂಚಿಗೆ 20 ಮೆಗಾಪಿಕ್ಸೆಲ್ ಹರಡಿದರೆ ಇಂಚಿಗೆ 180 ಪಿಕ್ಸೆಲ್ ಸಿಗುತ್ತದೆ. ಗೋಡೆಯ ಮೇಲಿನ ಫೋಟೋಕ್ಕೆ ಧಾರಾಳ ಸಾಕು. ಒಂದಕ್ಕೆ ಸಾವಿರದ ಹತ್ತಿರ ಬಿತ್ತು. ಖರ್ಚು ಅವರೇ ಕೊಟ್ಟರು, ಮೇಲಿಂದ ಆರೇಳು ಸಾವಿರ ನನ್ನ ಕೈಗೂ ಬಂತು. ಆ ಅಣ್ಣ ಬಂದವರು ಒಂದು ಫೋಟೋಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಇದು ಯಾವ 70-200ರಲ್ಲಿ?" ಅಂತ ಕೇಳಿದರು. ಲೆನ್ಸನ್ನು ಚೀಲದಿಂದ ತೆಗೆದು ಕೈಗೆ ಕೊಟ್ಟೆ. ಅವರು ಮಾತಾಡದೆ ತಿರುಗಿಸಿ ನೋಡಿ, "ಎಷ್ಟಕ್ಕೆ ಕೊಡ್ತಿ?" ಅಂದರು.

ಪತ್ತನಾಜೆ ಕಳೆದರೆ ಮೇಳಗಳ ಬಯಲಾಟ ಇಲ್ಲ, ಮಳೆ ಶುರು. ನಮ್ಮ ಕರಾವಳಿಯಲ್ಲಿ ಲೆನ್ಸ್ ಕೊಳ್ಳುವುದಕ್ಕಿಂತ ಉಳಿಸುವುದೇ ಜಾಸ್ತಿ ಕಷ್ಟ. ಅಕ್ಕಿ ಡಬ್ಬಿಯಲ್ಲಿ ಇಡುವವರಿದ್ದಾರೆ. ನಾನೂ ಒಂದು ಬೇಡದ ಲೆನ್ಸ್ ಇಟ್ಟು ನೋಡಿದೆ, ಫೋಕಸ್ ರಿಂಗಿಗೆಲ್ಲ ಅಕ್ಕಿ ಹುಡಿ. ಹಳೆಯ ಸ್ಟುಡಿಯೋದವರು ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿಡುತ್ತಿದ್ದರು. ಅದು ನಡೆಯುತ್ತದೆ, ಆದರೆ ಮಳೆಗಾಲದಲ್ಲಿ ಕರೆಂಟು ಇರಬೇಕಲ್ಲ. ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಇನ್ನೂರು-ಮುನ್ನೂರು ರೂಪಾಯಿಯ ಮೀಟರ್ ಇಟ್ಟಿದ್ದೇನೆ. ತೇವ ಶೇಕಡ ನಲವತ್ತೈದರ ಆಚೀಚೆ ಇದ್ದರೆ ಸಾಕು. ಐವತ್ತೈದು ದಾಟಿದರೆ ನೀಲಿ ಕಾಳು ಗುಲಾಬಿ ಆಗಿರುತ್ತದೆ, ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಮುಟ್ಟಬೇಡಿ, ಆ ನೀಲಿ ಕೋಬಾಲ್ಟಿನದ್ದು, ವಿಷ. ಬೇರೆಯೇ ಒಂದು ಹಳೆ ಬಾಣಲೆ ಇಟ್ಟುಕೊಳ್ಳಿ.

ಈಗ ಕಣ್ಣು 135 ಎಂಎಂ ಎಫ್ 2 ಮೇಲೆ. ಮಂಗಳೂರಿನಲ್ಲಿ ಒಬ್ಬರ ಹತ್ತಿರ ಇದೆ. ಅವರು ನಲವತ್ತೆರಡು ಸಾವಿರ ಹೇಳುತ್ತಾರೆ, ನಾನು ಮೂವತ್ತಾರಕ್ಕೆ ನಿಂತಿದ್ದೇನೆ. ಮಳೆಗಾಲ ಮುಗಿಯುವವರೆಗೆ ಯಾರೂ ಕೊಳ್ಳುವುದಿಲ್ಲ ಅಂತ ಅವರಿಗೂ ಗೊತ್ತು. ಮುಂದಿನ ವಾರ ಟಾರ್ಚ್ ಹಿಡಿದುಕೊಂಡು ಹೋಗುತ್ತೇನೆ.