ಟ್ರಯಲ್ಸ್ ಸೈಕಲ್: ಮೊದಲು ಹಿಂದಿನ ಬ್ರೇಕ್, ಆಮೇಲೆ ಫ್ರೇಮ್

ಟ್ರಯಲ್ಸ್ ಸೈಕಲ್ ಜೋಡಿಸಬೇಕು ಅಂತ ಬರುವವರು ಮೊದಲು ಕೇಳುವುದು ಫ್ರೇಮ್ ತೂಕ ಎಷ್ಟು ಅಂತ. ನಾನು ಬೇರೆ ಕಡೆಯಿಂದ ಶುರು ಮಾಡಿದೆ. ಹಿಂದಿನ ಬ್ರೇಕ್ ಯಾವುದು ಅಂತ ಮೊದಲು ತೀರ್ಮಾನ ಮಾಡಿದೆ, ಆಮೇಲೆ ಆ ಬ್ರೇಕನ್ನು ಅಲುಗಾಡದ ಹಾಗೆ ಹಿಡಿಯುವ ಫ್ರೇಮ್ ಹುಡುಕಿದೆ. ಟ್ರಯಲ್ಸ್ ಆಟದಲ್ಲಿ ಕಾಲು ನೆಲಕ್ಕೆ ಊರದೆ ಬಂಡೆಯಿಂದ ಬಂಡೆಗೆ ಹಾರಬೇಕು, ಅಲ್ವಾ? ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ನಾವು ನಿಂತಿರುವುದು ಹಿಂದಿನ ಚಕ್ರದ ಮೇಲೆ. ಆ ಚಕ್ರ ಸ್ವಲ್ಪ ಮುಂದಕ್ಕೆ ಉರುಳಿದರೂ ಅಂಗಾತ ಬೀಳುತ್ತೀರಿ. ಹಾರುವಾಗ ಬ್ರೇಕ್ ಬಿಡಬೇಕು, ಪೆಡಲ್ ಒದೆಯಬೇಕು, ಇಳಿದ ಕ್ಷಣಕ್ಕೆ ಮತ್ತೆ ಕಚ್ಚಬೇಕು. ಇಷ್ಟೂ ಒಂದೇ ಬೆರಳಿನ ಕೆಲಸ.

ಅಳತೆ ವಿಷಯ. ಸ್ಪರ್ಧೆಯಲ್ಲಿ ಎರಡು ಬಗೆ ಇದೆ, 20 ಇಂಚು ಮತ್ತು 26 ಇಂಚು. 24 ಇಂಚಿನದು ಬೀದಿಯಲ್ಲಿ ಆಡುವವರದು. 2009ರಲ್ಲಿ ಸ್ಕಾಟ್ಲೆಂಡಿನ ಸೈಕಲ್ ಪಟು ಡ್ಯಾನಿ ಮೆಕ್ಯಾಸ್ಕಿಲ್ ಎಡಿನ್‌ಬರೋದ ಬೀದಿಗಳಲ್ಲಿ ಆಡಿದ ವಿಡಿಯೊ ನೋಡಿ ಈ ಆಟಕ್ಕೆ ಬಂದವರು ತುಂಬಾ ಜನ. ನನಗೆ ಬೇಕಾಗಿದ್ದು ಬಂಡೆ. ರಾಮನಗರದ ಕಡೆಯ ಗ್ರಾನೈಟ್ ಬಂಡೆ ಟೈರಿಗೆ ಚೆನ್ನಾಗಿ ಹಿಡಿತ ಕೊಡುತ್ತೆ, ಆದರೆ ಮೇಲೆ ಸಮತಟ್ಟು ಜಾಗ ಕಮ್ಮಿ, ಚಿಕ್ಕ ಜಾಗದಲ್ಲೇ ತಿರುಗಿ ನಿಲ್ಲಬೇಕು. ಅದಕ್ಕೆ 20 ಇಂಚು ತಗೊಂಡೆ. ಎತ್ತರ ಇರುವವರಿಗೆ, ಉದ್ದಕ್ಕೆ ಹಾರುವ ಆಸೆ ಇರುವವರಿಗೆ 26 ಒಳ್ಳೆಯದು.

ಫ್ರೇಮ್ ನೋಡುವಾಗ ನಾನು ನಿಜವಾಗಿ ಲೆಕ್ಕ ಹಾಕಿದ್ದು ಮೂರು ಅಂಕಿ. ಎರಡು ಚಕ್ರಗಳ ನಡುವಿನ ಅಂತರ, 20 ಇಂಚಿನದರಲ್ಲಿ ಅದು ಹೆಚ್ಚುಕಮ್ಮಿ 1000 ಮಿ.ಮೀ. ಇರುತ್ತೆ. ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರ, ಅಂದರೆ ಚೈನ್‌ಸ್ಟೇ, 350ರ ಆಸುಪಾಸು. ಇದು ಗಿಡ್ಡ ಇದ್ದಷ್ಟೂ ಮುಂದಿನ ಚಕ್ರ ಎತ್ತುವುದು ಸುಲಭ. ಮೂರನೆಯದು ಪೆಡಲ್ ಅಚ್ಚು ಚಕ್ರದ ಅಚ್ಚಿಗಿಂತ ಎಷ್ಟು ಮೇಲಿದೆ ಅನ್ನುವುದು. ಮಾಮೂಲಿ ಮೌಂಟನ್ ಬೈಕಿನಲ್ಲಿ ಅದು ಕೆಳಗಿರುತ್ತೆ, ಟ್ರಯಲ್ಸ್‌ನಲ್ಲಿ ಮೇಲಿರುತ್ತೆ. ಜಾಸ್ತಿ ಮೇಲಿದ್ದರೆ ಹಿಂದಿನ ಚಕ್ರದ ಮೇಲೆ ಕುಪ್ಪಳಿಸಲು ಅನುಕೂಲ, ಬಂಡೆ ಅಂಚಿಗೂ ತಾಗಲ್ಲ, ಆದರೆ ಸುಮ್ನೆ ಓಡಿಸುವಾಗ ಮುಂದಕ್ಕೆ ಬಿದ್ದುಬಿಡುತ್ತೇನೆ ಅನ್ನಿಸುತ್ತೆ. ನಾನು ತುದಿಗೆ ಹೋಗದೆ ನಡುವಿನ ಎತ್ತರದ್ದನ್ನು ಆರಿಸಿದೆ. ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಹಳೇ ಫ್ರೇಮ್ ತಗೋತೀರಾ? ತಗೋಬಹುದು, ನನ್ನದೂ ಹಳೆಯದೇ. ಆದರೆ ಬೆಳಕಿಗೆ ಹಿಡಿದು ಬೆಸುಗೆಗಳನ್ನು ನೋಡಿ. ಹ್ಯಾಂಡಲ್ ಕೊಳವೆಯ ಹಿಂದೆ ಕೆಳಗಿನ ಪೈಪ್ ಸೇರುವ ಜಾಗ, ಪೆಡಲ್ ಅಚ್ಚಿನ ಸುತ್ತ, ಹಿಂದಿನ ಚಕ್ರ ಕೂರುವ ಕೊಕ್ಕೆ, ಮುಖ್ಯವಾಗಿ ಬ್ರೇಕ್ ಕೂರಿಸುವ ಗುಬಟುಗಳ ಬುಡ. ಪೇಂಟಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೆ ಉಗುರಿನಿಂದ ಕೆರೆದು ನೋಡಿ. ಉಗುರು ಸಿಕ್ಕಿಕೊಂಡರೆ ಬೇಡ, ವಾಪಸ್ ಬನ್ನಿ. ಅಲ್ಯೂಮಿನಿಯಂ ಫ್ರೇಮನ್ನು ಪಕ್ಕದ ಅಂಗಡಿಯಲ್ಲಿ ವೆಲ್ಡ್ ಮಾಡಿಸಿ ಓಡಿಸೋಣ ಅನ್ನುವ ಯೋಚನೆಯನ್ನಂತೂ ಬಿಟ್ಟುಬಿಡಿ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತೆ, ಮತ್ತೆ ಅದರ ಪಕ್ಕದಲ್ಲೇ ಬಿರುಕು ಬಿಡುತ್ತೆ.

ಈಗ ಬ್ರೇಕ್. ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಯಾಕೆ ಬೇಡ ಅಂದುಕೊಂಡೆ ಅನ್ನುವುದಕ್ಕೆ ಲೆಕ್ಕ ಸರಳ. 160 ಮಿ.ಮೀ. ಡಿಸ್ಕಿನ ಅಂಚು ಅಚ್ಚಿನಿಂದ 80 ಮಿ.ಮೀ. ದೂರ. 20 ಇಂಚಿನ ಟ್ರಯಲ್ಸ್ ಸೈಕಲ್ಲಿನ ಹಿಂದಿನ ಚಕ್ರ ನಿಜಕ್ಕೂ 19 ಇಂಚಿನದು, ಅದರ ರಿಮ್ ಅಚ್ಚಿನಿಂದ 190 ಮಿ.ಮೀ.ನಷ್ಟು ದೂರ. ಅಂದರೆ ಅದೇ ಚಕ್ರವನ್ನು ಹಿಡಿಯಲು ಡಿಸ್ಕ್ ಎರಡು ಪಟ್ಟಿಗಿಂತ ಜಾಸ್ತಿ ಬಲ ಹಾಕಬೇಕು, ಜೊತೆಗೆ ಆ ಬಲವೆಲ್ಲ ಕಡ್ಡಿಗಳ ಮೂಲಕ ಹೋಗಬೇಕು. ಹಾಗಾಗಿ ಮಗುರಾ ಎಚ್‌ಎಸ್33 ಹಾಕಿದೆ, ರಿಮ್ಮನ್ನೇ ಹಿಡಿಯುವ ಹೈಡ್ರಾಲಿಕ್ ಬ್ರೇಕ್. ಅದು ಒತ್ತುವಾಗ ಫ್ರೇಮಿನ ಹಿಂದಿನ ಎರಡು ಪೈಪುಗಳನ್ನು ಹೊರಕ್ಕೆ ತಳ್ಳುತ್ತೆ. ಪೈಪ್ ಬಾಗಿದರೆ ನಿಮ್ಮ ಬೆರಳಿನ ಬಲ ಅಲ್ಲೇ ಖರ್ಚು. ಬ್ರೇಕ್ ಕೂರಿಸಲು ನಾಲ್ಕು ಬೋಲ್ಟಿನ ಮೌಂಟ್ ಇರುವ ಫ್ರೇಮೇ ಬೇಕು ಅಂತ ಹಟ ಹಿಡಿದದ್ದು ಇದಕ್ಕೇ. ಎರಡೇ ಗುಬಟಿನ ಫ್ರೇಮ್ ಆದರೆ ಆ ಎರಡು ಪೈಪುಗಳನ್ನು ಸೇರಿಸಿ ಹಿಡಿಯುವ ಗಟ್ಟಿ ಬೂಸ್ಟರ್ ಕಮಾನು ಹಾಕಲೇಬೇಕು.

ರಿಮ್ ನುಣುಪಾಗಿದ್ದರೆ ಎಷ್ಟೇ ಒತ್ತಿದರೂ ಬ್ರೇಕ್ ಪ್ಯಾಡ್ ಜಾರುತ್ತೆ. ಕೆಲವರು ರಿಮ್ಮಿಗೆ ಟಾರು ಸವರುತ್ತಾರೆ. ಒಣ ದಿನಕ್ಕೆ ಚೆನ್ನ, ಮಳೆ ಬಂದರೆ ಮುಗೀತು. ನಾನು ರಿಮ್ಮನ್ನೇ ಗ್ರೈಂಡ್ ಮಾಡಿದೆ. ಟೈರು, ಟ್ಯೂಬು ತೆಗೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಚಕ್ರವನ್ನು ನಿಧಾನ ತಿರುಗಿಸುತ್ತಾ ಇನ್ನೊಬ್ಬರ ಕೈಗೆ ಆಂಗಲ್ ಗ್ರೈಂಡರ್ ಕೊಟ್ಟೆ. ಗ್ರೈಂಡರ್ ಕಲ್ಲಿನ ಅಂಚು ಮುಟ್ಟಿಯೂ ಮುಟ್ಟದ ಹಾಗೆ ಅಡ್ಡಡ್ಡ ಗೆರೆ ಎಳೆಯಬೇಕು, ಒತ್ತಬಾರದು. ಗೆರೆಗಳು ಒತ್ತೊತ್ತಾಗಿರಬೇಕು, ಆಳ ಬೇಡ, ರಿಮ್ಮಿನ ಗೋಡೆ ಮೊದಲೇ ತೆಳು. ಸವೆದ ಬೀಸೋ ಕಲ್ಲಿಗೆ ಉಳಿಯಿಂದ ಹೊಸದಾಗಿ ಕಚ್ಚು ಹಾಕಿಸಿದ ಹಾಗೆ ಕಾಣುತ್ತೆ. ಸೋಪು ನೀರಿನಲ್ಲಿ ತೊಳೆದು ಪುಡಿಯೆಲ್ಲ ಹೋದಮೇಲೇ ಟೈರ್ ಹಾಕಿದ್ದು. ಪ್ಯಾಡ್ ಬೇಗ ಸವೆಯುತ್ತೆ, ಬ್ರೇಕ್ ಕಿರುಚುತ್ತೆ, ಬೀದಿ ನಾಯಿಗಳು ಎದ್ದು ನೋಡುತ್ತವೆ. ಹಿಡಿತ ಮಾತ್ರ ಬೇರೆಯೇ ಲೋಕ. ಗೆರೆ ಮಂಕಾದಾಗ ಇನ್ನೊಂದು ಸಲ ಹಗುರಾಗಿ ಆಡಿಸಿದರೆ ಆಯಿತು.

ಪ್ಯಾಡ್ ಕೂರಿಸುವ ಮೊದಲು ರಿಮ್ಮಿನ ಬೆಂಡ್ ತೆಗೆಯಿರಿ, ಚೈನು ಬಿಗಿ ಮಾಡಿ. ಕ್ರಮ ತಿರುಗುಮುರುಗಾದರೆ ಚೈನು ಎಳೆದಾಗ ಚಕ್ರ ಹಿಂದೆ ಸರಿದು ಪ್ಯಾಡಿನ ಜಾಗವೇ ತಪ್ಪುತ್ತೆ. ಬೋಲ್ಟುಗಳನ್ನು ಅರೆಬರೆ ಬಿಗಿ ಮಾಡಿ, ಲಿವರ್ ಒತ್ತಿ ಹಿಡಿದು, ಪ್ಯಾಡ್ ತಾನಾಗಿ ರಿಮ್ಮಿಗೆ ಚಪ್ಪಟೆಯಾಗಿ ಕೂತಮೇಲೆ ಒಂದೊಂದೇ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಟೈರಿಗೆ ತಾಗಬಾರದು, ರಿಮ್ಮಿನ ಕೆಳಗೂ ಇಳಿಯಬಾರದು. ಎರಡೂ ಕಡೆ ಒಂದೆರಡು ಮಿ.ಮೀ. ಜಾಗ ಸಾಕು.

ಒತ್ತಿದಾಗ ಲಿವರ್ ಸ್ಪಂಜಿನಂತೆ ಮೆತ್ತಗಿದೆಯಾ? ಏರ್ ಹಿಡಿದಿದೆ ಅಂತ ಅರ್ಥ. ಲಿವರ್ ಮೇಲಿನ ಅಡ್ಜಸ್ಟ್ ತಿರುಪನ್ನು ಪೂರ್ತಿ ಹೊರಗೆ ಬಿಟ್ಟು, ಲಿವರಿನಲ್ಲಿ ಎಣ್ಣೆ ಹೊರಬರುವ ತೂತು ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಸೈಕಲ್ ನಿಲ್ಲಿಸಿ, ಕೆಳಗಡೆ ಚಕ್ರದ ಹತ್ತಿರ ಪ್ಯಾಡ್ ತಳ್ಳುವ ಸಿಲಿಂಡರಿನಿಂದ ಸಿರಿಂಜಿನಲ್ಲಿ ಎಣ್ಣೆ ತಳ್ಳಿದೆ. ಮಗುರಾ ಎಣ್ಣೆ ನೀಲಿ ಬಣ್ಣದ್ದು, ಮೇಲೆ ಆ ತೂತಿಗೆ ಸಿಕ್ಕಿಸಿದ ಟ್ಯೂಬಿನಲ್ಲಿ ಗುಳ್ಳೆ ಬರುವುದು ಸ್ಪಷ್ಟ ಕಾಣುತ್ತೆ. ಎರಡು ಸಿಲಿಂಡರ್ ಜೋಡಿಸುವ ಸಣ್ಣ ಪೈಪಿನಲ್ಲಿ ಒಂದು ಹಟಮಾರಿ ಗುಳ್ಳೆ ಇದ್ದೇ ಇರುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ತಳ್ಳಿದರೆ ಹೊರಗೆ ಬರುತ್ತೆ. ಎಣ್ಣೆ ಬದಲು ನೀರಿಗೆ ಕೂಲಂಟ್ ಬೆರೆಸಿ ಹಾಕುವವರು ಇದ್ದಾರೆ, ನೀರು ತೆಳು, ಲಿವರ್ ಚುರುಕಾಗುತ್ತೆ. ನಾನು ಎಣ್ಣೆಯಲ್ಲೇ ಇದ್ದೇನೆ, ಒಳಗಿನ ರಬ್ಬರ್ ಸೀಲುಗಳು ಬಾಳಬೇಕು ಅಂತ. ಆದರೆ ಕಾರು, ಬೈಕಿನ ಡಾಟ್ ಬ್ರೇಕ್ ಆಯಿಲ್ ಮಾತ್ರ ಇದಕ್ಕೆ ಹಾಕಲೇಬೇಡಿ, ಸೀಲ್ ಉಬ್ಬಿ ಹಾಳಾಗುತ್ತೆ. ಹೋಪ್ ಕಂಪನಿಯ ಡಿಸ್ಕ್ ಬ್ರೇಕಿಗೆ ಡಾಟ್ ಬೇಕು, ಮಗುರಾಗೆ ಮಿನರಲ್ ಆಯಿಲ್. ಎರಡೂ ಇಟ್ಟುಕೊಂಡವರು ಸಿರಿಂಜ್ ಕೂಡ ಬೇರೆ ಬೇರೆ ಇಟ್ಟುಕೊಳ್ಳಿ.

ಲಿವರನ್ನು ಹ್ಯಾಂಡಲ್‌ನಲ್ಲಿ ಒಳಕ್ಕೆ ಸರಿಸಿ, ತೋರುಬೆರಳು ಅದರ ತುತ್ತತುದಿಗೆ ಬರುವ ಹಾಗೆ ಇಟ್ಟೆ. ಮಾಮೂಲಿಗಿಂತ ನೆಲಕ್ಕೆ ಸಮನಾಗಿ, ಯಾಕೆಂದರೆ ಹಿಂದಿನ ಚಕ್ರದ ಮೇಲೆ ನಿಂತಾಗ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತೆ, ಕೆಳಗೆ ಬಾಗಿದ ಲಿವರ್ ಆಗ ಬೆರಳಿಗೆ ಸಿಗಲ್ಲ. ಆಮೇಲೆ ಪರೀಕ್ಷೆ: ಸೈಕಲ್ ಪಕ್ಕದಲ್ಲಿ ನಿಂತು, ಒಂದೇ ಬೆರಳಲ್ಲಿ ಬ್ರೇಕ್ ಹಿಡಿದು, ಮುಂದಕ್ಕೆ ಚಾಚಿರುವ ಪೆಡಲ್ ಮೇಲೆ ಕಾಲಿಟ್ಟು ಪೂರ್ತಿ ಭಾರ ಬಿಡಿ. ಚಕ್ರ ಕದಲಿದರೆ ಪ್ಯಾಡ್ ಮತ್ತೆ ಬಿಚ್ಚಿ. ಕದಲದಿದ್ದರೆ ಮೊದಲು ಫುಟ್‌ಪಾತ್ ಅಂಚಿಗೆ ಹೋಗಿ, ಬಂಡೆಗೆ ಆಮೇಲೆ.